ಬರಹದ ಕೆಳಗಿನ ಮಾತು

ಭೂಮಿಕಾಗೆ ಒಂದೂವರೆ ವರ್ಷ ತುಂಬಿದ ದೀಪಾವಳಿಯಲ್ಲಿ ಎದುರುಮನೆಯವರು ಪಟಾಕಿ ಸರಕ್ಕೆ ಬೆಂಕಿ ಹಚ್ಚಿದರು. ಬೀದಿನಾಯಿಗಳೆಲ್ಲ ದಿಕ್ಕಾಪಾಲಾಗಿ ಓಡಿದವು. ಬಾಗಿಲ ಮೆಟ್ಟಿಲ ಮೇಲೆ ಕೂತು ಕಡ್ಲೆಪುರಿ ಆರಿಸಿ ತಿನ್ನುತ್ತಿದ್ದ ಮಗು ಮಾತ್ರ ತಲೆಯನ್ನೇ ಎತ್ತಲಿಲ್ಲ. ತಾಯಿ ಪ್ರಮೀಳಾ ಹಿಂದಿನಿಂದ ಹೋಗಿ ಅದರ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿ ನೋಡಿದಳು.

ಆಮೇಲೆ ಡಾಕ್ಟರು ಹೇಳಿದ್ದರಲ್ಲಿ ಅರ್ಧ ಇಂಗ್ಲಿಷು. ಮೊಬೈಲಿನಲ್ಲಿ ಹುಡುಕಿದರೆ ಸಿಕ್ಕಿದ್ದೂ ಇಂಗ್ಲಿಷೇ. ಕನ್ನಡದಲ್ಲಿ ಹುಡುಕಿದರೆ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಡಿ, ಇಂಥ ದೇವರಿಗೆ ಹರಕೆ ಕಟ್ಟಿಕೊಳ್ಳಿ ಎನ್ನುವ ವಿಡಿಯೊಗಳು. ಮಗುವಿಗೆ ಮೂರು ತುಂಬುವ ಹೊತ್ತಿಗೆ ಬೆಂಗಳೂರಿನಲ್ಲಿ ಆಪರೇಷನ್ ಆಗಿ, ತಲೆಯೊಳಗೊಂದು, ಕಿವಿಯ ಹಿಂದೊಂದು ಮಿಷನ್ ಕೂತಿತು. ಮಿಷನ್ ಕೂತ ಮಾತ್ರಕ್ಕೆ ಕಿವಿ ಕೇಳುವುದಿಲ್ಲ, ಒಂದೊಂದು ಶಬ್ದ ಏನೆಂದು ಮಗುವಿಗೆ ಕಲಿಸಬೇಕು ಎಂಬುದು ಪ್ರಮೀಳಾಗೆ ಅದಾದ ಮೇಲೆ ಗೊತ್ತಾಯಿತು. ಕುಕ್ಕರ್ ಕೂಗಿದ್ದು ಇದು, ಆಟೋ ಹೋದದ್ದು ಇದು, ಅಮ್ಮ ಕರೆದದ್ದು ಇದು. ತನ್ನಂತೆ ದಿಕ್ಕು ತೋಚದೆ ಕೂತ ಬೇರೊಬ್ಬ ತಾಯಿಗೆ ಇದನ್ನೆಲ್ಲ ಕನ್ನಡದಲ್ಲಿ ಯಾರಾದರೂ ಹೇಳಬೇಕಲ್ಲ ಎಂದು ಅವಳು ಬ್ಲಾಗ್ ಶುರುಮಾಡಿದಳು. ‘ಭೂಮಿ ಕೇಳಿದ್ದು’ ಎಂದು ಹೆಸರಿಟ್ಟಳು.

ತುಮಕೂರಿನ ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ ಅವಳಿಗೆ ಗುಮಾಸ್ತೆಯ ಕೆಲಸ. ಮಧ್ಯಾಹ್ನ ಡಬ್ಬಿ ಮುಗಿಸಿ ಮೊಬೈಲಿನಲ್ಲೇ ಬರೆಯುತ್ತಿದ್ದಳು. ಮೊದಮೊದಲು ಓದುತ್ತಿದ್ದವರು ಅವಳ ತಂಗಿ ಮತ್ತು ಪಕ್ಕದ ಮೇಜಿನ ಚಿಕ್ಕಗಂಗಮ್ಮ. ಮರುವರ್ಷ ಸಿಂಧನೂರಿನಿಂದ ಒಬ್ಬ ಅಪ್ಪ ಬರೆದ. ಹಾಸನದಿಂದ ಒಬ್ಬ ತಾಯಿ, ದುಬೈಯಿಂದ ಇನ್ನೊಬ್ಬಳು. ಕ್ರಮೇಣ ಅವಳ ಬರಹಕ್ಕಿಂತ ಅದರ ಕೆಳಗಿನ ಮಾತೇ ಉದ್ದವಾಗತೊಡಗಿತು. ಬ್ಯಾಟರಿ ಎಲ್ಲಿ ಸಿಗುತ್ತದೆ, ಮಗು ಮಿಷನ್ ಕಿತ್ತೆಸೆದರೆ ಏನು ಮಾಡುವುದು, ಅತ್ತೆಮನೆಯವರು ಆಡಿಕೊಂಡರೆ ಏನು ಹೇಳುವುದು. ಒಬ್ಬರು ಕೇಳಿದರೆ ನಾಲ್ವರು ಉತ್ತರ ಕೊಡುತ್ತಿದ್ದರು. ಪ್ರಮೀಳಾಗೆ ತನ್ನ ಮನೆಯಲ್ಲೇ ಜನ ಕೂತು ಮಾತಾಡುತ್ತಿದ್ದಾರೆ ಅನ್ನಿಸುತ್ತಿತ್ತು.

ಭೂಮಿಕಾಗೆ ಒಂಬತ್ತಾದ ಬೇಸಿಗೆಯಲ್ಲಿ ಅವಳು ಸನ್ನೆ ಭಾಷೆಯ ಬಗ್ಗೆ ಬರೆದಳು. ಗಲಾಟೆಯ ಕ್ಲಾಸಿನಲ್ಲಿ ಮಗುವಿಗೆ ಮಾತು ಸರಿಯಾಗಿ ಹಿಡಿಯುತ್ತಿರಲಿಲ್ಲ. ಬೀದಿಯ ಕೊನೆಯ ಮನೆಯ ಕಿವುಡ ಹುಡುಗಿಯೊಬ್ಬಳಿಂದ ಅದು ತಾನಾಗಿಯೇ ಸನ್ನೆ ಕಲಿಯತೊಡಗಿತ್ತು. ಪ್ರಮೀಳಾ ತಡೆಯಲಿಲ್ಲ, ತಾನೂ ಅಷ್ಟಿಷ್ಟು ಕಲಿಯತೊಡಗಿದಳು. ಅದನ್ನೇ ಬರೆದಳು, ಅಷ್ಟೆ.

ಗುಬ್ಬಿಯ ರಂಗನಾಥ್ ಎಂಬುವರು ಅದರ ಕೆಳಗೆ ಬರೆದರು: “ನಾನು ಕಿವುಡ. ನನಗೆ ಬೇಸರ ಇಲ್ಲ. ಮಗು ತಲೆ ಕೊಯ್ದು ಮಿಷನ್ ಯಾಕೆ ಹಾಕುವುದು. ಅಪ್ಪ ಅಮ್ಮ ಕೈ ಭಾಷೆ ಕಲಿಯಲು ಸೋಮಾರಿ.”

ಕುಣಿಗಲ್ಲಿನ ಮಂಜುಳಮ್ಮ ಕೆಂಡವಾದರು. ಆಕೆ ಮಿಷನ್ ಹಾಕಿಸಿಕೊಂಡ ಮೊಮ್ಮಗನನ್ನು ಸಾಕುತ್ತಿದ್ದ ಅಜ್ಜಿ, ಬ್ಲಾಗಿನ ಹಳೆಯ ಓದುಗರು. “ಮಾತೇ ಬರದವರಿಗೆ ಮಾತಿನ ಬೆಲೆ ಏನು ಗೊತ್ತು?” ಎಂದು ಬರೆದುಬಿಟ್ಟರು.

ಅಲ್ಲಿಗೆ ಕಿಚ್ಚು ಹತ್ತಿತು. ಯಾವತ್ತೂ ಬ್ಲಾಗಿನ ಕಡೆ ತಲೆ ಹಾಕದವರೆಲ್ಲ ಬಂದರು. ಯಾರೋ ಒಬ್ಬ ರಂಗನಾಥ್ ಬರೆದ ಸಾಲುಗಳ ಫೋಟೊ ತೆಗೆದು “ಮೊದಲು ಕನ್ನಡ ಕಲಿ ಗುರು” ಎಂದು ನಗುವ ಮುಖಗಳನ್ನು ಅಂಟಿಸಿದ. ಇನ್ನೊಬ್ಬ ಮಂಜುಳಮ್ಮನಿಗೆ “ಮೊಮ್ಮಗನನ್ನು ರೋಬೋ ಮಾಡಿದ ಮುದುಕಿ” ಎಂದ.

ಶಿರಾ ಗೇಟಿನಲ್ಲಿ ಪಂಪ್‌ಸೆಟ್ ಸ್ಪೇರ್ಸ್ ಅಂಗಡಿ ಇಟ್ಟಿದ್ದ ಗಂಡ ಭಾನುಪ್ರಕಾಶ್ ಸಂಜೆ ಬಂದವನೇ ಮೊಬೈಲ್ ಹಿಡಿದು ನಿಂತ. “ಏನೇ ಇದು, ಒಂದೇ ದಿನಕ್ಕೆ ಇಷ್ಟೊಂದು ಜನ ನೋಡವ್ರೆ! ವೈರಲ್ ಆಗೋಯ್ತು ಕಣೇ.”

“ಏನ್ ಬರ್ದವ್ರೆ ಅಂತ ಓದಿದ್ರಾ?”

ಅವನು ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ಓದಿದ. ಓದುತ್ತ ಓದುತ್ತ ಮುಖ ಚಿಕ್ಕದಾಯಿತು. “ಥೂ,” ಎಂದು ಮೊಬೈಲನ್ನು ಕಟ್ಟೆಯ ಮೇಲಿಟ್ಟ.

ಪ್ರಮೀಳಾ ಒಂದೊಂದನ್ನೇ ಅಳಿಸುತ್ತ ಹೋದರೆ ಹತ್ತು ಹೊಸವು ಬರುತ್ತಿದ್ದವು. ರಂಗನಾಥ್ “ನಾನು ಹೋಗುತ್ತೇನೆ” ಎಂದು ಬರೆದು ಹೋದರು. ಮಂಜುಳಮ್ಮ ಹೇಳದೆಯೇ ಹೋದರು. ಪ್ರಮೀಳಾ ಕಾಮೆಂಟುಗಳನ್ನೇ ಪೂರ್ತಿ ಮುಚ್ಚಿಬಿಟ್ಟಳು. ಎರಡು ದಿನ ಮನಸ್ಸು ಹಗುರವಾಗಿತ್ತು. ಆಮೇಲೆ ಬ್ಲಾಗ್ ತೆರೆದರೆ ಕದ ಹಾಕಿದ ಮನೆಯೊಳಗೆ ತಾನೊಬ್ಬಳೇ ಮಾತಾಡಿಕೊಂಡಂತೆ ಕಾಣತೊಡಗಿತು.

ಆ ವಾರ ಕಾವ್ಯ ಎಂಬ ಹುಡುಗಿ ಇಮೇಲ್ ಕಳಿಸಿದಳು. “ಮೇಡಂ, ನನ್ನ ಮಗುವಿಗೆ ಏಳು ತಿಂಗಳು. ಕಿವಿ ಕೇಳುವುದಿಲ್ಲ ಎಂದು ಹೋದ ತಿಂಗಳು ಹೇಳಿದರು. ನಿಮ್ಮ ಲೇಖನಗಳು ಚೆನ್ನಾಗಿವೆ, ಆದರೆ ನನಗೆ ಧೈರ್ಯ ಬಂದದ್ದು ಕೆಳಗೆ ಜನ ಬರೆದದ್ದನ್ನು ಓದಿ. ಈಗ ಅದೇ ಇಲ್ಲ. ನಾನು ಯಾರನ್ನು ಕೇಳಲಿ?”

ಪ್ರಮೀಳಾ ಅದನ್ನು ಮತ್ತೆ ಮತ್ತೆ ಓದಿದಳು. ಮುಚ್ಚಿದ್ದು ಕೆಟ್ಟ ಬಾಯಿಗಳನ್ನು ಅಂದುಕೊಂಡಿದ್ದಳು. ಈ ಹುಡುಗಿಯ ಪ್ರಶ್ನೆಗೂ ಅದರ ಜೊತೆಗೇ ಬಾಗಿಲು ಹಾಕಿದ್ದಳು. ತೆರೆಯುವುದಾದರೆ ಮೊದಲು ನೊಂದವರಿಬ್ಬರನ್ನು ಕಂಡು ಬರಬೇಕು ಅನ್ನಿಸಿತು. ರಂಗನಾಥ್‌ಗೆ ಸಂದೇಶ ಕಳಿಸಿದಳು. “ಭಾನುವಾರ ಬನ್ನಿ. ಮಗು ಕರೆದುಕೊಂಡು” ಎಂದು ಉತ್ತರ ಬಂತು.

ಗುಬ್ಬಿ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ಅವರ ಪ್ರಿಂಟಿಂಗ್ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡುಗಳ ನಡುವೆ ನಲವತ್ತರ ಆಸುಪಾಸಿನ ಮನುಷ್ಯ ಎದ್ದು ನಿಂತು ಕೈಮುಗಿದರು. ಪ್ರಮೀಳಾಗೆ ಎರಡು ಸನ್ನೆ ಮಾಡುವಷ್ಟರಲ್ಲಿ ಬೆರಳು ತೊಡರಿದವು. ಭೂಮಿಕಾ ಮತ್ತು ಅವರು ಮಾತ್ರ ಯಾವ ಕಾಲದ ನೆಂಟರೋ ಎಂಬಂತೆ ಕೈಯಲ್ಲೇ ಮಾತು ಶುರುಮಾಡಿಬಿಟ್ಟರು. ಮಗು ಮನೆಯಲ್ಲಿ ಇಷ್ಟು ಚುರುಕಾಗಿ ಮಾತಾಡಿದ್ದನ್ನು ಪ್ರಮೀಳಾ ನೋಡಿರಲಿಲ್ಲ.

ಆಮೇಲೆ ರಂಗನಾಥ್ ತಮ್ಮ ಮೊಬೈಲಿನಲ್ಲಿ ಟೈಪು ಮಾಡಿ ಅವಳ ಮುಂದೆ ಹಿಡಿದರು. “ನನ್ನ ಸ್ಕೂಲು ಕೈ ಆಡಿಸಿದರೆ ಹೊಡೆತ. ಕೈ ಮೇಲೆ ಕೂತುಕೊಳ್ಳಬೇಕು. ಬಾಯಿ ಮುಂದೆ ಕಾಗದ ಚೂರು ಹಿಡಿದು ಪ ಹೇಳು, ಪ ಹೇಳು. ಕಾಗದ ಅಲುಗಿದರೆ ಟೀಚರ್ ಖುಷಿ. ಪ ಅಂದರೆ ಏನು, ನನಗೆ ಗೊತ್ತಾಗಲಿಲ್ಲ. ವರ್ಷ ವರ್ಷ ಹೋಯಿತು.”

ಪ್ರಮೀಳಾ ಅದನ್ನು ಎರಡು ಸಲ ಓದಿದಳು. ಅಷ್ಟರಲ್ಲಿ ಭೂಮಿಕಾ ಅವರ ತೋಳು ಮುಟ್ಟಿ ಬೇರೇನನ್ನೋ ಹೇಳಿದಳು. ರಂಗನಾಥ್ ತಾಯಿಯ ಕಡೆಗೊಮ್ಮೆ, ಮಗಳ ಕಡೆಗೊಮ್ಮೆ ನೋಡಿ, ಅನುಮಾನಿಸುತ್ತಲೇ ಟೈಪು ಮಾಡಿದರು. “ಮಗು ಕೇಳುತ್ತಾಳೆ. ಅಮ್ಮ ನನ್ನ ಫೋಟೊ ಯಾಕೆ ಹಾಕುತ್ತಾಳೆ. ಅಳುವ ವಿಡಿಯೊ ಕ್ಲಾಸಿನವರು ನೋಡಿ ನಕ್ಕರು.”

ಪ್ರಮೀಳಾಗೆ ಮುಖಕ್ಕೆ ಹೊಡೆದಂತಾಯಿತು. ಮಿಷನ್ ಮೊದಲ ಸಲ ಆನ್ ಮಾಡಿದಾಗ ಮಗು ಬೆಚ್ಚಿ ಅತ್ತದ್ದನ್ನು ಅವಳೇ ಹಾಕಿದ್ದಳು. ಜನ ಹೆಚ್ಚು ನೋಡಿದ್ದೂ ಅದನ್ನೇ.

“ನಂಗ್ಯಾಕೆ ಹೇಳ್ಲಿಲ್ಲ ಮಗ?”

“ಹೇಳಿದೆ,” ಎಂದಳು ಭೂಮಿಕಾ, ಒಂದೊಂದೇ ಅಕ್ಷರ ಬಿಡಿಸಿ. “ನೀನು ಫೋನ್ ನೋಡ್ತಾ ಇದ್ದೆ.”

ರಂಗನಾಥ್ ಎದ್ದು ಹೋಗಿ ಮೂರು ಲೋಟ ಟೀ ತಂದರು. ಪ್ರಮೀಳಾ ಮಗಳ ಕೈ ಹಿಡಿದುಕೊಂಡೇ ಕುಡಿದಳು. ಬಸ್ಸಿನಲ್ಲಿ ಬರುತ್ತ ಬ್ಲಾಗ್ ತೆರೆದು, ಯಾವ ಫೋಟೊ ಇರಲಿ, ಯಾವುದು ಬೇಡ ಎಂದು ಮಗಳನ್ನೇ ಕೇಳಿದಳು. ತುಮಕೂರು ಬರುವಷ್ಟರಲ್ಲಿ ಉಳಿದದ್ದು ಒಂದೇ, ಭೂಮಿಕಾ ಮರಕೋತಿ ಆಡುತ್ತಿದ್ದ ಫೋಟೊ. ಅದರಲ್ಲಿ ಮುಖ ಕಾಣುತ್ತಿರಲಿಲ್ಲ, ಕೊಂಬೆಯಿಂದ ಇಳಿಬಿದ್ದ ಕಾಲು ಮಾತ್ರ ಕಾಣುತ್ತಿತ್ತು.

ಮುಂದಿನ ಭಾನುವಾರ ಒಬ್ಬಳೇ ಕುಣಿಗಲ್ಲಿಗೆ ಹೋದಳು. ದೊಡ್ಡ ಕೆರೆಯ ಏರಿಯ ಹತ್ತಿರದ ಬೀದಿಯಲ್ಲಿ ಮಂಜುಳಮ್ಮನ ಮನೆ. ಆಕೆ ಹೊಸಿಲಲ್ಲಿ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದರು. ಮೊಮ್ಮಗ ಒಳಗೆ ಟಿವಿ ಮುಂದಿದ್ದ.

“ಬಾರವ್ವ, ನೀನೇನಾ ಪ್ರಮೀಳಾ? ಫೋಟೋಗಿಂತ ಸೊರಗಿದೀಯ,” ಎಂದು ಮಣೆ ಸರಿಸಿದರು. ಬಂದ ವಿಷಯ ತಿಳಿಯುತ್ತಲೇ ಮುಖ ಬಿಗಿಯಾಯಿತು. “ಆ ಗುಬ್ಬಿಯವ್ನು ನನ್ನ ಸೋಮಾರಿ ಅಂದ ಕಣವ್ವ. ಇವ್ನವ್ವ ಗಾರ್ಮೆಂಟ್ಸ್‌ಗೆ ಹೋಯ್ತಳೆ. ವಾರಕ್ಕೆ ಮೂರು ದಿನ ಇವನ್ನ ಕಟ್ಕಂಡು ತುಮ್ಕೂರ್ಗೆ ಥೆರಪಿಗೆ ಹೋಗ್ಬರೋಳು ನಾನು. ವರ್ಸ ಆದ್ಮೇಲೆ ಒಂದಿನ ಬಸ್ಸಲ್ಲಿ ಕಂಡಕ್ಟ್ರಿಗೆ ಆಧಾರ್ ಕಾರ್ಡ್ ತೋರಿಸ್ತಿದ್ದೆ. ಇವ್ನು ಹಿಂದ್ಲಿಂದ ಮೊದಲ್ನೇ ಸಲ ‘ಅಜ್ಜಿ’ ಅಂದ. ನಾನು ಬಸ್ಸು ಅನ್ನೋದೂ ನೋಡ್ದೆ ಅತ್ಬುಟ್ಟೆ. ಅದನ್ನ ಸೋಮಾರಿತನ ಅಂದ್ರೆ?”

“ನಿಮ್ಮನ್ನ ಅಂದದ್ದು ತಪ್ಪು ಮಂಜುಳಮ್ಮನೋರೆ. ನೀವು ಅವ್ರನ್ನ ಅಂದದ್ದೂ ತಪ್ಪೇ.”

ಮಂಜುಳಮ್ಮ ಇನ್ನೊಂದು ಹಿಡಿ ಕಡ್ಲೆಕಾಯಿ ಮಡಿಲಿಗೆ ಎಳೆದುಕೊಂಡರು. ಪ್ರಮೀಳಾ ಕಾಗದದ ಚೂರಿನ ಸಂಗತಿ ಹೇಳಿದಳು. ಆಕೆಯ ಬೆರಳು ಕಾಯಿ ಸುಲಿಯುವುದನ್ನು ನಿಲ್ಲಿಸಿದವು.

“ನಮ್ಮುಡ್ಗನ್ಗೂ ಥೆರಪಿಲಿ ಹಂಗೇ ಕಾಗ್ದ ಹಿಡೀತಾರೆ,” ಎಂದರು. “ಇವ್ನು ನಗ್ತಾನೆ. ಇವ್ನಿಗೆ ಕೇಳಿಸ್ತದಲ್ಲ. ಆ ಮನ್ಸನ್ಗೆ ಏನೂ ಕೇಳಿಸ್ತಿರ್ಲಿಲ್ವಾ? ಹೊಡೀತಿದ್ರಾ?” ಸುಲಿದ ಬೀಜವನ್ನು ಮೊರಕ್ಕೆ ಹಾಕುತ್ತ, “ಆದ್ರೂ ಕೈ ಕಲಿಸಿದ್ರೆ ಇವ್ನು ಬಾಯಿ ಬುಟ್ಬುಡ್ತಾನೆ ಅಂತ ಥೆರಪಿ ಮೇಡಮ್ಮು ಹೇಳವ್ರೆ. ನಂಗೆ ಭಯ ಕಣವ್ವ,” ಎಂದರು.

“ಭಯ ಅಂತಾನೇ ಬರೀರಿ. ಅದನ್ನ ಓದಿದ್ರೆ ಯಾರೂ ಬೈಯಲ್ಲ. ಬೈದ್ರೆ ನಾನಿದೀನಿ.”

ಸೋಮವಾರ ಅವಳು ಕಾಮೆಂಟುಗಳನ್ನು ಮತ್ತೆ ತೆರೆದಳು. ಮೇಲೊಂದು ಚಿಕ್ಕ ಮಾತು ಬರೆದಿಟ್ಟಳು: “ಇಲ್ಲಿ ನಿಮಗೆ ಆದದ್ದನ್ನು ಬರೆಯಿರಿ. ಇನ್ನೊಬ್ಬರ ಮಗುವಿನ ಬಗ್ಗೆ ತೀರ್ಪು ಬೇಡ. ಯಾರ ಕನ್ನಡವನ್ನೂ ತಿದ್ದಬೇಡಿ, ಇಲ್ಲಿ ಕೆಲವರಿಗೆ ಕನ್ನಡ ಎರಡನೆಯ ಭಾಷೆ, ಮೊದಲನೆಯದು ಕೈಯಲ್ಲಿದೆ. ಒಪ್ಪದಿದ್ದರೆ ಒಪ್ಪುವುದಿಲ್ಲ ಎನ್ನಿ. ಪ್ರತಿಯೊಂದನ್ನೂ ಓದಿಯೇ ಪ್ರಕಟಿಸುತ್ತೇನೆ, ತಡವಾದರೆ ಬೇಸರಿಸಬೇಡಿ.”

ಓದಿ ಪ್ರಕಟಿಸುವುದು ಅಂದುಕೊಂಡಷ್ಟು ಸಲೀಸಿರಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆ ಫೀಜಿನ ಸಮಯ ಬಂದಾಗ ಭಾನುಪ್ರಕಾಶ್ “ಮಧ್ಯಾನ್ದೊತ್ತು ಅಂಗಡೀಲಿ ಗಿರಾಕಿ ಕಮ್ಮಿ, ನಾನು ನೋಡ್ತೀನಿ ಕೊಡು,” ಎಂದ. ಅವನು ಮೊದಮೊದಲು ಬೈದವರಿಗೆಲ್ಲ ವಾಪಸು ಬೈದು ಬರೆಯುತ್ತಿದ್ದ. ಅವಳು ಅಳಿಸಿ, “ರೀ, ಜಗಳಕ್ಕೆ ಕೂತ್ಕೊಬೇಡಿ,” ಎನ್ನಬೇಕಾಯಿತು. ಗಲಾಟೆ ನೋಡಲು ಬಂದಿದ್ದ ಜನ ಕರಗಿಹೋದರು. ಭಾನುಪ್ರಕಾಶ್ ಒಂದೆರಡು ಸಲ ಓದುಗರ ಅಂಕಿ ನೋಡಿ ನಿಟ್ಟುಸಿರುಬಿಟ್ಟ. ಆಮೇಲೆ ನೋಡುವುದನ್ನೇ ಬಿಟ್ಟ.

ಕಾವ್ಯ ತನ್ನ ಪ್ರಶ್ನೆಯನ್ನು ಎಲ್ಲರೆದುರು ಕೇಳಿದಳು. ಮಂಜುಳಮ್ಮ ಬಸ್ಸಿನ ಕಥೆ ಬರೆದರು, ಆಪರೇಷನ್ ಮಾಡಿಸು ಮಗಳೇ ಎಂದರು. ರಂಗನಾಥ್ ತಮ್ಮ ಶಾಲೆಯ ಕಥೆ ಬರೆದರು. “ಮಿಷನ್ ನಿಮ್ಮ ಇಷ್ಟ. ಮಗು ಕೈ ಮಾತ್ರ ಕಟ್ಟಬೇಡಿ” ಎಂದರು. ಯಾರೂ ಯಾರನ್ನೂ ಒಪ್ಪಿಸಲಿಲ್ಲ. ಕಾವ್ಯ ಇಬ್ಬರಿಗೂ ವಂದನೆ ಹೇಳಿ, ಇನ್ನೂ ಯೋಚಿಸುತ್ತಿದ್ದೇನೆ ಎಂದು ಬರೆದಳು.

ಕೆಲವು ದಿನಗಳ ಮೇಲೆ ಮಂಜುಳಮ್ಮ ಸಂಕೋಚದಿಂದಲೇ ಒಂದು ಮಾತು ಕೇಳಿದರು. ಸ್ನಾನಕ್ಕೆ ಮಿಷನ್ ಬಿಚ್ಚಲೇಬೇಕು. ಆಗ ಹುಡುಗನಿಗೆ ಏನೂ ಕೇಳುವುದಿಲ್ಲ. ಬಿಸಿನೀರು, ಕಣ್ಣು ಮುಚ್ಚಿಕೋ ಅಂದರೆ ತಿಳಿಯದೆ ಸೀಗೆಪುಡಿ ಕಣ್ಣಿಗೆ ಬಿದ್ದು ದಿನವೂ ರಂಪ. ಏನು ಮಾಡುವುದು?

ರಂಗನಾಥ್ ಒಂದು ವಿಡಿಯೊ ಕಳಿಸಿದರು. ಪ್ರಮೀಳಾ ಆಫೀಸಿನಲ್ಲಿ ಕೂತು ನೋಡಿದಳು. ಅಂಗಡಿಯ ಕಾರ್ಡುಗಳ ಮುಂದೆ ನಿಂತು ಅವರು ನಿಧಾನವಾಗಿ ತೋರಿಸುತ್ತಿದ್ದರು: ಬಿಸಿ. ತಣ್ಣಗೆ. ಕಣ್ಣು ಮುಚ್ಚು. ಮುಗಿಯಿತು. ಕೊನೆಯದನ್ನು ತೋರಿಸುವಾಗ ಟವಲಿನಿಂದ ಮೈ ಒರೆಸಿಕೊಂಡಂತೆ ನಟಿಸಿ ನಕ್ಕರು. ಬಗ್ಗಿ ನೋಡುತ್ತಿದ್ದ ಚಿಕ್ಕಗಂಗಮ್ಮನೂ ನಕ್ಕಳು. ಪ್ರಮೀಳಾ ಅದನ್ನು ಆಗಲೇ ಪ್ರಕಟಿಸಿದಳು.

ಮಂಜುಳಮ್ಮನ ಉತ್ತರ ಮರುದಿನ ಬಂತು. “ನಾಲ್ಕನ್ನೂ ಕಲಿಸಿದೆ. ಬಚ್ಚಲಲ್ಲಿ ಮಾತ್ರ. ಹೊರಗೆ ಬಾಯಲ್ಲೇ ಮಾತಾಡಬೇಕು, ಅದರಲ್ಲಿ ಬದಲಾವಣೆ ಇಲ್ಲ. ಇವತ್ತು ಅಳಲಿಲ್ಲ. ನಿಮ್ಮ ಹೆಂಡತಿ ಮಕ್ಕಳು ಚೆನ್ನಾಗಿದ್ದಾರಾ?”

ರಂಗನಾಥ್ ಬರೆದರು: “ಚೆನ್ನಾಗಿದ್ದಾರೆ ಅಮ್ಮ. ಊಟ ಮಾಡುವಾಗ ಕೂಡ ಕೈ ಮಾತು ಬೇಕಾಗುತ್ತದೆ, ನೋಡಿ.”

ಅದಕ್ಕೆ ಆಕೆ ಏನೂ ಉತ್ತರಿಸಲಿಲ್ಲ. ಬ್ಲಾಗ್ ಬಿಟ್ಟು ಹೋಗಲೂ ಇಲ್ಲ.