ಆರೋ ಹನ್ನೆರಡೋ

ಗೈಡ್ ಮೇಷ್ಟ್ರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಹಳೆಯ ಗೈಡೊಂದನ್ನು ಹಿಡಿದು ಅಲ್ಪವಿರಾಮವನ್ನೂ ಬಿಡದೆ ಬರೆಸುವುದೇ ಅವರ ಪಾಠ. ಕಂಪ್ಯೂಟರಿನ ಸಿ ಭಾಷೆಯಲ್ಲಿ ಯೂನಿಯನ್ ಎಂದರೇನೆಂದು ಯಾರೋ ಕೇಳಿದ್ದಕ್ಕೆ, "ಒಗ್ಗಟ್ಟಿನಲ್ಲಿ ಬಲವಿದೆ ಅಂತ ಕೇಳಿಲ್ವೇನ್ರೀ? ಅದೇ," ಎಂದಿದ್ದರು. ಬಿಟ್ ಫೀಲ್ಡ್ ಎಂಬ ಕಗ್ಗಂಟಿನ ಅಧ್ಯಾಯ ಬಂದ ದಿನ ಪ್ರತಿ ವರ್ಷವೂ ಅವರಿಗೆ ತಲೆನೋವು, ರಜೆ.

ಕಾಲೇಜಿನ ಲ್ಯಾಬ್ ಮೇಡಂ ಇದನ್ನೆಲ್ಲ ಕಂಡು ಒಳಗೊಳಗೇ ಹಲ್ಲು ಕಡಿಯುತ್ತಿದ್ದಳು. ಯೂನಿಯನ್ ಎಂದರೆ ಒಂದೇ ಕುರ್ಚಿ, ಹಲವು ಮೌಲ್ಯಗಳು. ಒಂದು ಕೂತರೆ ಇನ್ನೊಂದು ಎದ್ದ ಹಾಗೆ ಎಂದು ಹುಡುಗ ಹುಡುಗಿಯರಿಗೆ ಬಿಡಿಸಿ ಹೇಳಿದವಳು ಅವಳೇ. ಮೇಷ್ಟ್ರ ಪ್ರೋಗ್ರಾಮುಗಳನ್ನು ಹನ್ನೊಂದು ವರ್ಷದಿಂದ ಗುಟ್ಟಾಗಿ ತಿದ್ದಿ ಓಡಿಸುತ್ತಿದ್ದವಳೂ ಅವಳೇ. ಬಾಯಿ ಮಾತ್ರ ಬಿಟ್ಟಿರಲಿಲ್ಲ. ಯಾಕೆ ಬೇಕು ಊರ ಉಸಾಬರಿ?

ಅವಳ ನಾದಿನಿ ಗಾಜಿನ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಹದಿನೈದು ವರ್ಷ ದುಡಿದವಳು. ಕಾರ್ಖಾನೆ ಮುಚ್ಚಿದ ಮೇಲೆ, ನಲವತ್ತರ ಹೊಸ್ತಿಲಲ್ಲಿ, ಇದೇ ಕಾಲೇಜಿಗೆ ಸೇರಿದ್ದಳು. ಪರೀಕ್ಷೆಯಲ್ಲಿ ಒಂದು ಸ್ಟ್ರಕ್ಚರ್, ಅಂದರೆ ಹಲವು ಮೌಲ್ಯಗಳನ್ನು ಸಾಲಾಗಿ ಜೋಡಿಸಿಟ್ಟ ಡಬ್ಬ, ಕೊಟ್ಟಿದ್ದರು: ಮೊದಲು ಒಂದು ಬೈಟಿನ ಅಕ್ಷರ, ನಡುವೆ ನಾಲ್ಕು ಬೈಟಿನ ಸಂಖ್ಯೆ, ಕೊನೆಗೆ ಇನ್ನೊಂದು ಅಕ್ಷರ. ನಮ್ಮ ಲ್ಯಾಬಿನ ಕಂಪ್ಯೂಟರಿನಲ್ಲಿ ಇದರ ಗಾತ್ರ ಎಷ್ಟು? ತರಗತಿಗೆ ತರಗತಿಯೇ ಮೂರನ್ನೂ ಕೂಡಿ ಆರು ಎಂದು ಬರೆಯಿತು. ನಾದಿನಿ ಹನ್ನೆರಡು ಎಂದಳು. ಮೇಷ್ಟ್ರು ಸೊನ್ನೆ ಸುತ್ತಿ, 'ಮೊದಲು ಕೂಡುವುದನ್ನು ಕಲಿಯಿರಿ' ಎಂದು ಕೆಂಪಿನಲ್ಲಿ ಗೀಚಿದರು.

ನಾದಿನಿ ಉತ್ತರಪತ್ರಿಕೆ ಹಿಡಿದು ನೆಟ್ಟಗೆ ಲ್ಯಾಬಿಗೆ ಬಂದಳು. ಮೇಷ್ಟ್ರು ಅಲ್ಲೇ ಕೂತು ಚಹಾ ಹೀರುತ್ತಿದ್ದರು.

"ಸಾರ್, ಮಧ್ಯದ ಸಂಖ್ಯೆ ನಾಲ್ಕರ ಗಡಿಯಲ್ಲೇ ಶುರುವಾಗ್ಬೇಕಲ್ವಾ? ಅದಕ್ಕೆ ಅದರ ಮುಂಚೆ ಮೂರು ಬೈಟು ಖಾಲಿ. ಒಟ್ಟು ಅಳತೆಯೂ ನಾಲ್ಕರ ಲೆಕ್ಕಕ್ಕೆ ಕೂರ್ಬೇಕು, ಹಾಗಾಗಿ ಕೊನೆಗೂ ಮೂರು ಖಾಲಿ. ನಾವು ಲೋಟ ಪ್ಯಾಕ್ ಮಾಡುವಾಗ್ಲೂ ಸುತ್ತ ಜಾಗ ಬಿಡ್ತಿದ್ವಿ. ಆ ಜಾಗವೂ ಡಬ್ಬದ ಅಳತೆಗೆ ಸೇರಿದ್ದೇ."

"ಲೋಟಕ್ಕೂ ಕಂಪ್ಯೂಟರಿಗೂ ಎಲ್ಲಿಯ ಸಂಬಂಧ ತಾಯಿ?" ಮೇಷ್ಟ್ರು ನಕ್ಕರು. "ಅತ್ತಿಗೆ ಇಲ್ಲೇ ಇದಾರೆ ಅಂತ ಮಾರ್ಕು ಕೇಳೋಕೆ ಬಂದ್ಬಿಟ್ರಾ?"

ಆ ಮಾತು ಲ್ಯಾಬ್ ಮೇಡಂಗೆ ಚುರುಕ್ಕೆಂದಿತು. ನಾಲ್ಕಾರು ಸಾಲು ಟೈಪ್ ಮಾಡಿ ಓಡಿಸಿದಳು. ಪರದೆಯ ಮೇಲೆ ಹನ್ನೆರಡು.

"ಈ ಮಷೀನ್ ಕೆಟ್ಟಿದೆ," ಎಂದರು ಮೇಷ್ಟ್ರು.

ಪಕ್ಕದ್ದರಲ್ಲೂ ಹನ್ನೆರಡು. ಅದರಾಚೆಯದರಲ್ಲೂ.

"ಎಲ್ಲಾ ಒಂದೇ ಲಾಟಲ್ಲಿ ತಂದಿದ್ದು, ಇನ್ನೇನಾಗತ್ತೆ! ಹೋಗ್ಲಿ, ವಯಸ್ಸಾದವರು ಅಂತ ಕರುಣೆಯಿಂದ ಎರಡು ಮಾರ್ಕು ಹಾಕ್ತೀನಿ."

"ಕರುಣೆ ನಿಮ್ಮ ಹತ್ರಾನೇ ಇರ್ಲಿ ಸಾರ್, ಮುಂದೆ ಬೇಕಾಗತ್ತೆ," ಎಂದಳು ನಾದಿನಿ.

ಲ್ಯಾಬ್ ಮೇಡಂಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಈ ಪೊಳ್ಳು ಡೋಲಿಗೆ ಇಷ್ಟು ವರ್ಷ ಹಗ್ಗ ಬಿಗಿದು ಕೊಟ್ಟವಳು ತಾನೇ ಅಲ್ಲವೇ?

"ಸಾರ್, ನಿಮ್ಮ ಪ್ರೋಗ್ರಾಮ್ ಒಂದಾದ್ರೂ ತಾನಾಗಿ ಓಡಿದ್ದು ನೆನಪಿದ್ಯಾ? ತಿದ್ತಾ ಇದ್ದಿದ್ದು ನಾನು. ಇನ್ಮೇಲೆ ತಿದ್ದಲ್ಲ."

ಮೇಷ್ಟ್ರು ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು ಎದ್ದು ಹೋದರು.

ಮರುವಾರ ಪ್ರಿನ್ಸಿಪಾಲರು ಲ್ಯಾಬಿಗೆ ಬಂದಾಗ ಮೇಷ್ಟ್ರ ಪ್ರೋಗ್ರಾಮುಗಳು ಅವರ ಕಣ್ಣೆದುರೇ ಒಂದೊಂದಾಗಿ ಮಕಾಡೆ ಮಲಗಿದವು. ನಾದಿನಿಗೆ ಪೂರ್ತಿ ಅಂಕ ಸಿಕ್ಕಿತು. ಪಾಠ ಲ್ಯಾಬ್ ಮೇಡಂ ಹೆಗಲಿಗೆ ಬಿತ್ತು, ಸಂಬಳ ಇದ್ದಲ್ಲೇ ಇತ್ತು. ಗೈಡ್ ಮೇಷ್ಟ್ರನ್ನು ಕಾಲೇಜಿನ ಗುಣಮಟ್ಟ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿದರು.

"ಅಲ್ಲಿ ಬರೀ ಸಹಿ ಹಾಕೋದಂತೆ ಅತ್ತಿಗೆ," ಎಂದು ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು.