ಊರಿಗೆ ಮರಳಿದವನ ಬೈಕು

"ನೀನು ಸುಳ್ಳು ಹೇಳಿದ್ದು ಕಸ್ಟಮ್ಸಿನವರಿಗೋ, ನನ್ನ ತಂಗಿಗೋ? ಅದನ್ನು ಮೊದಲು ಹೇಳು ಭಾವ," ಎಂದು ನಾನು ಕಾಪುವಿನ ಅವನ ಮನೆಯ ಜಗಲಿಯಲ್ಲೇ ಗದರಿದೆ.

ಭಾವ ಕುಂಞಾಲಿ ಕುವೈತಿನಲ್ಲಿ ಓಡಿಸುತ್ತಿದ್ದ ಹೋಂಡಾ ಬೈಕನ್ನು ಹಡಗಿನಲ್ಲಿ ತಂದಿದ್ದ. ಅಲ್ಲಿಯ ಕೆಲಸ ಬಿಟ್ಟು ಊರಿಗೇ ಮರಳುವವರಿಗೆ ಮಾತ್ರ ಹಾಗೆ ತರಲು ಅನುಮತಿ. ತಂದದ್ದನ್ನು ಕೆಲವು ವರ್ಷ ಮಾರುವಂತಿಲ್ಲ. "ಇನ್ನು ಊರಲ್ಲೇ ಇರುತ್ತೇನೆ" ಎಂದು ಬೊಂಬಾಯಿಯಲ್ಲಿ ಕಸ್ಟಮ್ಸ್ ಅಧಿಕಾರಿಯ ಮುಂದೆ ಹೇಳಿ ಅವನು ಬೈಕು ಬಿಡಿಸಿಕೊಂಡಿದ್ದ. ಆ ಮಾತನ್ನು ನಂಬಿ ತಂಗಿ ಆಸ್ಯಾ ನೆರೆಹೊರೆಗೆಲ್ಲ ಪಾಯಸ ಹಂಚಿದ್ದಳು. ಈಗ ನೋಡಿದರೆ ಉಡುಪಿಯ ವೀಸಾ ಏಜೆಂಟ್ ಕುವೈತಿನ ಹೊಸ ಕೆಲಸದ ಸುದ್ದಿ ತಂದು ಕೂತಿದ್ದ.

"ಅದು ಬೈಕಿಗಾಗಿ ಹೇಳುವ ಮಾತು ಮಾರಾಯ. ಎಲ್ಲರೂ ಹೇಳುತ್ತಾರೆ," ಎಂದು ಏಜೆಂಟ್ ನಕ್ಕ.

ಆಸ್ಯಾ ಚಹಾ ತಂದಿಟ್ಟು ಗಂಡನನ್ನು ನೋಡಿದಳು.

"ಬೈಕನ್ನು ಮಾರಲಿಕ್ಕಿಲ್ಲ ಅಂತ ಕಾನೂನು ಉಂಟು ಅಲ್ವಾ? ನನ್ನನ್ನು ಬಿಟ್ಟು ಹೋಗಲಿಕ್ಕಿಲ್ಲ ಅಂತ ಎಲ್ಲಿಯೂ ಇಲ್ಲ. ಹೋಗುವುದಾದರೆ ಹೋಗಿ. ಬೈಕನ್ನು ನಾನು ದಿನಾ ಒರೆಸಿ ಇಡುತ್ತೇನೆ."

ಕುಂಞಾಲಿ ಎದ್ದು ಅಂಗಳಕ್ಕಿಳಿದ. ಹೆಗಲ ಮೇಲಿನ ಬೈರಾಸಿನಿಂದ ಬೈಕಿನ ಹಿಂದಿನ ಸೀಟನ್ನು ಒರೆಸಿದ.

"ಒರೆಸಿದರೆ ಸಾಲದು, ಇದನ್ನು ದಿನಾ ಓಡಿಸಬೇಕು," ಎಂದು ಆಸ್ಯಾಳಿಗೆ ಹೇಳಿದ. "ಬಾ, ಕುಕ್ಕುಂದೂರಿನ ನಿನ್ನ ಅಕ್ಕನ ಮನೆಗೆ ಹೋಗಿ ಬರುವ."

ಏಜೆಂಟ್ ಅರ್ಧ ಚಹಾ ಬಿಟ್ಟು ಚಪ್ಪಲಿ ಮೆಟ್ಟಿ ಹೊರಟ. ಆಮೇಲೆ ಆ ಮನೆಗೆ ಅವನು ಬರಲಿಲ್ಲ.