ಎಮಿಲ್‌ನ ಬಗಲಿನ ಸದ್ದು

"ಮೋಸ ಕಣಯ್ಯಾ ಇದು. ಹದಿಮೂರು ವರ್ಷದ ಮೋಸ," ಎನ್ನುತ್ತ ಲಾಡಿಸ್ ತನ್ನ ಏಳೂ ಡಾಮಿನೊ ಬಿಲ್ಲೆಗಳನ್ನು ಮೇಜಿನ ಮೇಲೆ ಮಗುಚಿ ಹಾಕಿದ. "ಗಂಡಸಾದ್ರೆ ಬಗಲಲ್ಲಿರೋದನ್ನ ಹೊರಗಿಟ್ಟು ಬಂದು ಆಡು."

ಎಮಿಲ್ ಸ್ಕ್ರಾಬಾನೆಕ್ ಕುರ್ಚಿ ಒದ್ದು ಎದ್ದ. "ಏನಿದೆ ನನ್ನ ಬಗಲಲ್ಲಿ?"

"ಊರಿಗೆಲ್ಲ ಗೊತ್ತು. ನಲವತ್ತನಾಲ್ಕು ಕ್ಯಾಲಿಬರಿನ ರಿವಾಲ್ವರ್. ಕರುವಿನ ಕಾಲಿನಷ್ಟು ಉದ್ದ."

ಹಾಲ್‌ನಲ್ಲಿದ್ದ ಎಂಟು ಮೇಜುಗಳೂ ಗಪ್ಪನೆ ಸುಮ್ಮನಾದವು. ಮೋಸ ಎಂದದ್ದಕ್ಕಲ್ಲ. ನೋವಾ ಲೂಕಾ ಎಂಬ ಆ ಜೆಕ್ ವಲಸಿಗರ ಊರಿನ ಡಾಮಿನೊ ಪಂದ್ಯದಲ್ಲಿ ಆ ಮಾತು ಪ್ರತಿವರ್ಷ ಬರುತ್ತದೆ, ಕಾಫಿ ಬಂದ ಹಾಗೆ. ಜನ ಬೆಚ್ಚಿದ್ದು, ಒಬ್ಬನ ಅಂಗಿಯೊಳಗೆ ಏನಿದೆ ಎಂಬುದನ್ನು ನಾಲ್ಕು ಜನರೆದುರು ಬಾಯಿಬಿಟ್ಟು ಹೇಳಿದ್ದಕ್ಕೆ. ಟೆಕ್ಸಾಸ್‌ನ ಆ ಕಡೆ ಅದು ಪರರ ಹೆಂಡತಿಯ ವಯಸ್ಸು ಕೇಳಿದ ಹಾಗೆ. ಕಂಡರೂ ಕಾಣಬಾರದು.

ಎಮಿಲ್ ಅದನ್ನು ಕಟ್ಟಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಪೆಟ್ರೋಲ್ ಬಂಕಿನಲ್ಲಿ ಯಾವನೋ ಅಪರಿಚಿತ ಗಂಟೆ ಎಷ್ಟೆಂದು ಕೇಳಿದ್ದ. ಕೇಳಿದ ರೀತಿ ಎಮಿಲ್‌ಗೆ ಹಿಡಿಸಲಿಲ್ಲ. ಮಾರನೆಯ ವಾರವೇ ಬಂದೂಕಿನಂಗಡಿಗೆ ಹೋದ. ಅಂಗಡಿಯವನು ಅಂಗೈಯಗಲದ ಪುಟ್ಟ ರಿವಾಲ್ವರ್ ತೋರಿಸಿದರೆ, "ಇದರಿಂದ ಕಳ್ಳನಿಗೆ ಸಿಟ್ಟು ಬರುತ್ತೆ ಅಷ್ಟೆ," ಎಂದು ಗಾಜಿನೊಳಗಿದ್ದ ಅತಿ ದೊಡ್ಡದಕ್ಕೆ ಬೆರಳು ಮಾಡಿದ. ಮೂರು ಪೌಂಡಿಗೂ ಮೇಲೆ ತೂಕ. ಸೊಂಟಕ್ಕೆ ಕಟ್ಟಿದರೆ ಪ್ಯಾಂಟು ಜಾರುತ್ತಿತ್ತು. ಹಾಗಾಗಿ ದಪ್ಪ ಚರ್ಮದ ಪಟ್ಟಿಯಲ್ಲಿ ಎಡಬಗಲಿಗೆ ನೇತುಹಾಕಿ, ಮೇಲೊಂದು ಕ್ಯಾನ್ವಾಸ್ ಕೋಟು ಹಾಕಿದ. ಆಗಸ್ಟಿನ ಬಿಸಿಲಿಗೆ ಕಾಗೆಗಳೂ ಬಾಯಿ ತೆರೆದು ಕೂತಿರುವಾಗ ಈತ ಮಾತ್ರ ಕೋಟು. ಎಡ ಹೆಗಲು ಎರಡಿಂಚು ಕೆಳಗೆ. ಚರ್ಚಿನಲ್ಲಿ ಮಂಡಿಯೂರಿದಾಗ ಮುಂದಿನ ಬೆಂಚಿಗೆ ಠಣ್ ಎಂದು ತಾಗಿದರೆ ಪಾದ್ರಿಯೂ ಕಣ್ಣೆತ್ತುತ್ತಿರಲಿಲ್ಲ. ಇಷ್ಟಾಗಿಯೂ ಅದರ ವಿಷಯ ಹೆಂಡತಿ ವ್ಲಾಸ್ತಾಗೆ ಬಿಟ್ಟರೆ ಯಾರಿಗೂ ತಿಳಿಯದೆಂದು ಎಮಿಲ್ ಮನಸಾರೆ ನಂಬಿದ್ದ.

"ಇದ್ರೆ ಇರಲಿ. ನನ್ನ ಜೀವ ನಾನು ಕಾಯ್ಕೋತೀನಿ. ಅದಕ್ಕೂ ಆಟಕ್ಕೂ ಏನು ಸಂಬಂಧ ಭಾವ?"

"ಕೈಗೆ ಒಳ್ಳೇ ಬಿಲ್ಲೆ ಬಂದ್ರೆ ನೀನು ಉಸಿರೆಳ್ಕೋತೀಯ. ಪಟ್ಟಿ ಕಿರ್ ಅನ್ನುತ್ತೆ. ಇನ್ನೂ ಒಳ್ಳೇದು ಬಂದ್ರೆ ಕಿರ್ ಕಿರ್. ಎದುರಿಗೆ ಕೂತಿರೋ ನನ್ನ ತಂಗಿ ವ್ಲಾಸ್ತಾ ಏನು ಕಿವುಡೀನಾ?"

ಈ ಆಟದಲ್ಲಿ ಇಬ್ಬರಿಬ್ಬರು ಜೊತೆ. ಎದುರುಬದುರು ಕೂತು, ತಮ್ಮ ಬಿಲ್ಲೆಗಳಿಂದ ಎಷ್ಟು ಅಂಕ ಗೆಲ್ಲಬಹುದೆಂದು ಒಬ್ಬೊಬ್ಬರಾಗಿ ಕೂಗಬೇಕು. ಜೊತೆಯವರಿಗೆ ಸುಳಿವು ಕೊಡಬಾರದು. ಕೆಮ್ಮಿದರೂ ತಪ್ಪು, ಹುಬ್ಬು ಹಾರಿಸಿದರೂ ತಪ್ಪು. ಎಮಿಲ್ ಮತ್ತು ವ್ಲಾಸ್ತಾ ಸತತ ಹದಿಮೂರು ವರ್ಷ ಗೆದ್ದಿದ್ದರು. ಅವರ ಹೆಸರಿನ ಹದಿಮೂರು ಹಿತ್ತಾಳೆ ಫಲಕಗಳು ಅಲ್ಲೇ ಗೋಡೆಯ ಮೇಲಿದ್ದವು. ಕೂಗುವುದರಲ್ಲಿ ವ್ಲಾಸ್ತಾಗೆ ಗಂಡೆದೆ ಎಂದು ಊರು ಹೇಳುತ್ತಿತ್ತು. ಎಮಿಲ್‌ಗೆ ಫಲಕಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಕೂಗುವ ಮುಂಚೆ ಅವಳು ತಲೆಯನ್ನು ತುಸು ವಾಲಿಸಿ ಇವನ ಕಡೆ ತಿರುಗುತ್ತಿದ್ದಳು. ಮದುವೆಯ ಫೋಟೋದಲ್ಲೂ ಹಾಗೇ ವಾಲಿಸಿದ್ದಾಳೆ. ಅರವತ್ತು ದಾಟಿದ ಮೇಲೂ ಹೆಂಡತಿ ಹಾಗೆ ನೋಡುವ ಗಂಡಸು ಈ ಊರಿನಲ್ಲಿ ತಾನೊಬ್ಬನೇ ಎಂದು ಅವನ ಎಣಿಕೆ.

"ಕೇಳಿದ್ಯಾ ನಿಮ್ಮಣ್ಣನ ಮಾತು?" ಎಂದು ಅವಳತ್ತ ತಿರುಗಿದ.

"ಕೂತ್ಕೊಂಡು ಆಡ್ರೀ. ಕೊಲಾಚೆ ಆರ್ತಾ ಇದೆ," ಎಂದು ವ್ಲಾಸ್ತಾ ತಾನು ಸುಟ್ಟು ತಂದಿದ್ದ ಗಸಗಸೆ ಹೂರಣದ ಬನ್ನುಗಳ ತಟ್ಟೆ ಮುಂದೆ ಸರಿಸಿದಳು.

"ಪಟ್ಟಿಗೆ ಎಣ್ಣೆ ಸವರೋಕೇನು ರೋಗ ನಿಂಗೆ?" ಲಾಡಿಸ್ ಬಿಡಲಿಲ್ಲ.

"ಸವರ್ತಿದ್ದೆ. ಡಬ್ಬಿ ಸಿಗಲಿಲ್ಲ."

ಅದು ನಿಜ. ಪ್ರತಿವರ್ಷ ಪಂದ್ಯಕ್ಕೆ ಒಂದು ತಿಂಗಳಿರುವಾಗ ಆ ಡಬ್ಬಿ ಮಾಯವಾಗಿ, ಪಂದ್ಯ ಮುಗಿದ ಮಾರನೇ ದಿನ ಶೆಡ್ಡಿನ ಹಲಗೆಯ ಮೇಲೆ ತಾನಾಗಿ ಕೂತಿರುತ್ತಿತ್ತು. ತನಗೆ ಮರೆವು ಶುರುವಾಯಿತೆಂದು ಎಮಿಲ್ ಯಾರಿಗೂ ಹೇಳಿರಲಿಲ್ಲ.

"ಆಯ್ತು," ಎಂದ ಎಮಿಲ್. "ಬರಿಮೈಯಲ್ಲಿ ಆಡ್ತೀನಿ. ಸೋತ್ರೆ ಹದಿಮೂರು ಫಲಕಾನೂ ನಾನೇ ಕಿತ್ತು ನಿನ್ನ ಕೈಲಿಡ್ತೀನಿ. ಗೆದ್ರೆ ನಿನ್ನ ತಂಗಿ ಕಾಲಿಗೆ ನೀನು ಬೀಳ್ಬೇಕು."

ಹೊರಗೆ ಹೋಗಿ ಪಿಕಪ್ಪಿನ ಸೀಟಿನ ಕೆಳಗಿದ್ದ ಕಬ್ಬಿಣದ ಪೆಟ್ಟಿಗೆಯಲ್ಲಿ ಪಟ್ಟಿ ಸಮೇತ ರಿವಾಲ್ವರ್ ಇಟ್ಟು ಬೀಗ ಹಾಕಿ, ಒಳಬಂದು ಕೀಲಿಗೊಂಚಲನ್ನು ಮೇಜಿನ ಮೇಲೆ ಬಿಸಾಕಿದ. ಹೆಗಲು ಹಗುರಾಗಿ ಬಲಗಡೆಗೆ ವಾಲಿ ನಡೆಯುತ್ತಿದ್ದ. ಬಟ್ಟೆಯಿಲ್ಲದೆ ಬಂದವನ ಮುಂದೆ ಮಾಡುವಂತೆ ಜನ ಗೋಡೆ, ಫ್ಯಾನು, ಕಾಫಿಲೋಟ ನೋಡಿದರು.

ಮೊದಲ ಕೈ ಬಂತು. ಒಳ್ಳೆಯದೇ, ಆದರೆ ಒಬ್ಬನೇ ಕೂಗುವಷ್ಟಲ್ಲ. ತನಗೆ ಇಂಥ ಕೈ ಬಂದಾಗಲೇ ವ್ಲಾಸ್ತಾ ಧೈರ್ಯವಾಗಿ ಕೂಗುವುದು. ಎಮಿಲ್ ಎದೆ ತುಂಬ ಉಸಿರೆಳೆದ. ಏನೂ ಇಲ್ಲ. ವ್ಲಾಸ್ತಾ ತಲೆ ವಾಲಿಸಿದಳು. ಇನ್ನಷ್ಟು ವಾಲಿಸಿದಳು. ಕಿವಿ ಹೆಗಲಿಗೆ ತಾಗುವಂತಾಯಿತು.

"ಕುತ್ತಿಗೆ ಉಳುಕ್ತಾ?" ಎಂದ ಲಾಡಿಸ್.

"ಪಾಸ್," ಎಂದಳು. ಆ ಕೈ ಲಾಡಿಸ್ ಮತ್ತವನ ಜೊತೆಯವನದಾಯಿತು.

ಮುಂದಿನ ಕೈಯಲ್ಲಿ ಎಮಿಲ್‌ಗೆ ಬಂದದ್ದು ಬರೀ ಕಸ. ವ್ಲಾಸ್ತಾ ಅವನ ಬಗಲನ್ನೇ ದಿಟ್ಟಿಸಿ, ತುಟಿ ಕಚ್ಚಿ, ಒಂದು ಕೈಯಲ್ಲಿರುವ ಪೂರ್ತಿ ನಲವತ್ತೆರಡು ಅಂಕವನ್ನೂ ಕೂಗಿದಳು. ಎರಡನೇ ಬಿಲ್ಲೆಗೇ ಮಣ್ಣು ಮುಕ್ಕಿದರು. ಐದನೆಯ ಕೈಯ ಹೊತ್ತಿಗೆ ಎಮಿಲ್ ತನ್ನ ಬಿಲ್ಲೆ ನೋಡುವುದನ್ನೇ ಬಿಟ್ಟು ಅವಳನ್ನು ನೋಡುತ್ತಿದ್ದ. ತಲೆ ವಾಲಿತ್ತು, ನಿಜ. ಆದರೆ ಕಣ್ಣು ಮುಚ್ಚಿತ್ತು. ಗೋಡೆಯಾಚೆಯ ಮಾತಿಗೆ ಕಿವಿಗೊಟ್ಟವರ ಮುಖ ಹಾಗಿರುತ್ತದೆ.

ಲಾಡಿಸ್‌ಗೆ ಏಳು ಕೈ, ಇವರಿಗೆ ಒಂದು. ಸೋತರು.

ಲಾಡಿಸ್ ಮೆಲ್ಲಗೆ, "ಹೇಳ್ಬಿಡು ತಂಗಿ," ಎಂದ.

"ಏನು ಹೇಳೋದು?" ಎಮಿಲ್ ಮೇಜು ಗುದ್ದಿದ. "ನನ್ನ ಹೆಂಡತಿ ಮೋಸದೋಳು ಅಂದವನ ಹಲ್ಲು ಉದುರಿಸ್ತೀನಿ. ವ್ಲಾಸ್ತಾ, ತಲೆ ವಾಲಿಸೋದು ಯಾಕೆ ಅಂತ ಹೇಳೇ ಇವರಿಗೆ."

"ಯಾಕೆ ಅಂತ ಹೇಳ್ಲಿ?"

"ನನ್ನ ಮುಖ ನೋಡೋಕೆ ಅಂತ ಹೇಳು."

ಹಿಂದಿನ ಮೇಜಿನಲ್ಲಿ ಯಾರೋ ಕಾಫಿ ನೆತ್ತಿಗೇರಿ ಕೆಮ್ಮಿದರು.

"ಮುಖ ಮನೇಲಿ ದಿನಾ ನೋಡ್ತೀನಲ್ರೀ," ಎಂದಳು ವ್ಲಾಸ್ತಾ. ಆಮೇಲೆ ಕೈಚೀಲದ ಜಿಪ್ ಎಳೆದು, ಕರವಸ್ತ್ರದಲ್ಲಿ ಸುತ್ತಿದ್ದ ಚಪ್ಪಟೆ ಡಬ್ಬಿಯೊಂದನ್ನು ತೆಗೆದು ಬಿಲ್ಲೆಗಳ ನಡುವೆ ಇಟ್ಟಳು. ಚರ್ಮಕ್ಕೆ ಸವರುವ ಎಣ್ಣೆ.

ಎಮಿಲ್ ಡಬ್ಬಿಯನ್ನು ನೋಡಿದ. ಡಬ್ಬಿ ಅವನನ್ನು ನೋಡಿತು.

"ಹಂಗಾದ್ರೆ ನಂಗೆ ಮರೆವಿಲ್ವಾ?" ಎಂದ.

"ಇಲ್ಲ. ಇಪ್ಪತ್ತೆರಡು ವರ್ಷ ಆ ಮೂರು ಪೌಂಡು ಕಬ್ಬಿಣಾನ ಹಾಸಿಗೆ ಪಕ್ಕ ಇಟ್ಕೊಂಡು ಮಲಗಿದೀನಿ. ಒಬ್ಬ ಕಳ್ಳ ಬರಲಿಲ್ಲ, ಒಂದು ಹಾವು ಬರಲಿಲ್ಲ. ಅದರಿಂದ ಮನೆಗೆ ಒಂದು ಉಪಯೋಗಾನಾದ್ರೂ ಬೇಡ್ವಾ?"

ಅಷ್ಟು ಹೇಳಿ ಕೊಲಾಚೆಯ ತಟ್ಟೆ ಒಂದು ಕೈಗೆ, ಕೀಲಿಗೊಂಚಲು ಇನ್ನೊಂದಕ್ಕೆ ತೆಗೆದುಕೊಂಡು ಎದ್ದಳು. ಯಾರ ಮುಖವನ್ನೂ ನೋಡದೆ ಜಾಲರಿ ಬಾಗಿಲು ತಳ್ಳಿ ಹೊರಟುಹೋದಳು.

"ಗಾಳಿಗೆ ನಿಂತಿರ್ತಾಳೆ," ಎಂದ ಎಮಿಲ್. "ಬರ್ತಾಳೆ."

ಹೊರಗೆ ಪಿಕಪ್ ಗುರುಗುಟ್ಟಿತು.

"ಗಾಡಿ ಹೊರಡ್ತು," ಎಂದ ಲಾಡಿಸ್. "ಅದರೊಳಗೇ ಅಲ್ವಾ ನಿನ್ನ..."

"ಗೊತ್ತು ಬಾಯ್ಮುಚ್ಚು. ಒಂದು ಸುತ್ತು ಹೊಡ್ಕೊಂಡು ಬರ್ತಾಳೆ."

"ಬಾ, ನಾನು ಮನೆಗೆ ಬಿಡ್ತೀನಿ. ಫಲಕ ಇರಲಿ ಬಿಡು. ಮೋಸ ಅಂತ ನಾನು ಕೋಪಕ್ಕೆ ಅಂದೆ."

"ನಿನ್ನ ದಾನ ಯಾವನಿಗೆ ಬೇಕು?"

ಎಮಿಲ್ ಜೇಬಿನ ಚಾಕು ಬಿಡಿಸಿ ಗೋಡೆಯ ಹತ್ತಿರ ಹೋದ. ಒಂದೊಂದು ಫಲಕಕ್ಕೂ ನಾಲ್ಕು ತಿರುಪು. ಅವಸರ ಮಾಡಲಿಲ್ಲ. ಒಂದು ತಿರುಪು ಬಿಚ್ಚುವುದು, ಬಾಗಿಲ ಕಡೆ ನೋಡುವುದು. ಮೇಜುಗಳು ಒಂದೊಂದಾಗಿ ಖಾಲಿಯಾದವು. ಲಾಡಿಸ್ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿದ. ಹದಿಮೂರನೆಯದರ ಕೊನೆಯ ತಿರುಪು ಕಿತ್ತು ಕೈಗೆ ಬಂದಾಗಲೂ ಬಾಗಿಲಲ್ಲಿ ಯಾರೂ ಇರಲಿಲ್ಲ.